ಸೋರಿಕೆ ಎಷ್ಟು ಸಲ ಅಂತ ಕೇಳಿದರೆ ಸಾಲದು

ಕೊನೆ ಕೊಯ್ಯುವಾಗ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಇದ್ದಾರೆ. ನಾನು ಫಿಸಿಯೋಥೆರಪಿಸ್ಟ್. ಇಂಥವರ ಮನೆಗೆ ಹೋಗಿ ವ್ಯಾಯಾಮ ಮಾಡಿಸುತ್ತೇನೆ. ಮನೆಯವರು ಮೊದಲು ಕೇಳುವುದು "ಯಾವಾಗ ನಡೀತಾರೆ ಸರ್?" ಅಂತ. ಪೆಟ್ಟಾದವರು ಒಬ್ಬರೇ ಸಿಕ್ಕಾಗ ಎತ್ತುವ ಮಾತು ಹೆಚ್ಚಾಗಿ ಉಚ್ಚೆಯದ್ದು.

ಮೂತ್ರಕೋಶವನ್ನು ನಡೆಸುವ ಮುಖ್ಯ ನರಗಳು ಹೊರಡುವುದು ಬೆನ್ನುಹುರಿಯ ಕೆಳತುದಿಯಿಂದ. ಹಾಗಾಗಿ ಪೆಟ್ಟು ಕತ್ತಿನಲ್ಲಿರಲಿ, ಸೊಂಟದಲ್ಲಿರಲಿ, ಉಚ್ಚೆ ತಾನಾಗಿ ಸೋರುವ, ಇಲ್ಲವೇ ಪೂರ್ತಿ ಖಾಲಿಯಾಗದ ತೊಂದರೆ ಬಹಳ ಜನರನ್ನು ಬಿಡುವುದಿಲ್ಲ.

ಮೊದಲು ಮೂರು ದಿನದ ಲೆಕ್ಕ ಬರೆಸುತ್ತೇನೆ. ಉಚ್ಚೆ ತೆಗೆಯಲು ಎಷ್ಟು ಹೊತ್ತಿಗೆ ಪೈಪ್ (ಕ್ಯಾತಿಟರ್) ಹಾಕಿದರು, ಎಷ್ಟು ಮಿ.ಲೀ. ಬಂತು, ಎಷ್ಟು ನೀರು ಕುಡಿದರು, ಯಾವಾಗ ಸೋರಿತು. ಅಳತೆ ಗುರುತಿರುವ ಪ್ಲಾಸ್ಟಿಕ್ ಜಗ್ ಒಂದನ್ನು ಇದಕ್ಕೇ ಅಂತ ಬಚ್ಚಲಲ್ಲಿ ಇಡಿಸುತ್ತೇನೆ. ಸಾಮಾನ್ಯವಾಗಿ 4ರಿಂದ 6 ಗಂಟೆಗೊಮ್ಮೆ, ಒಂದು ಸಲಕ್ಕೆ 500 ಮಿ.ಲೀ. ದಾಟದ ಹಾಗೆ ತೆಗೆಯಬೇಕು.

ಆಗುಂಬೆ ಕಡೆಯ ಒಬ್ಬರ ಹಾಳೆ ನೋಡಿದರೆ ಖುಷಿಯಾಗಬೇಕು, ಹಾಗಿತ್ತು. ಸೋರಿಕೆ ಒಂದೂ ಇಲ್ಲ. ಆದರೆ ನೀರಿನ ಸಾಲು? ಬೆಳಿಗ್ಗೆ ಒಂದು ಲೋಟ ಕಾಫಿ, ಮಧ್ಯಾಹ್ನ ಊಟಕ್ಕೆ ಅರ್ಧ ಲೋಟ ಮಜ್ಜಿಗೆ. ಸಂಜೆ ಖಾಲಿ.

"ಯಾಕಣ್ಣ, ಬಾಯಾರಲ್ವಾ?"

"ಕುಡಿದ್ರೆ ಪೈಪ್ ಹಾಕೋಕೆ ಇವಳನ್ನ ಕರೀಬೇಕು ಸರ್. ಅವಳು ತೋಟದಲ್ಲಿರ್ತಾಳೆ."

ತಂಗಿಯ ಮದುವೆಗೂ ಅವರು ಹೋಗಿರಲಿಲ್ಲ. ಹಾಳೆಯ ಪ್ರಕಾರ ತೊಂದರೆಯೇ ಇಲ್ಲದ ಮನುಷ್ಯ! ನೀರು ಬಿಟ್ಟು, ಜಗಲಿ ದಾಟದೆ ಗಳಿಸಿದ ಒಣಬಟ್ಟೆ ಅದು.

ಅದಕ್ಕೇ ಈ ಲೆಕ್ಕದ ಜೊತೆ ಕ್ವಾಲಿವೀನ್ ಪ್ರಶ್ನೆಗಳನ್ನೂ ಕೇಳುತ್ತೇನೆ. ಉಚ್ಚೆಯ ತೊಂದರೆ ಬದುಕನ್ನು ಎಷ್ಟು ಕಾಡುತ್ತದೆ ಅಂತ ಅಳೆಯುವ ಪ್ರಶ್ನಾವಳಿ ಅದು. ಇದು ಫ್ರಾನ್ಸ್‌ನಲ್ಲಿ ಬೆನ್ನುಹುರಿ ಪೆಟ್ಟಿನವರಿಗಾಗಿಯೇ ತಯಾರಾದದ್ದು. ಪೂರ್ತಿ ರೂಪದಲ್ಲಿ 30 ಪ್ರಶ್ನೆ, ಚಿಕ್ಕದರಲ್ಲಿ 8. ಕಿರಿಕಿರಿ ಎಷ್ಟು, ಎಷ್ಟು ಕಟ್ಟಿಹಾಕುತ್ತದೆ, ಭಯ ಏನು, ಮನಸ್ಸಿಗೆ ಏನಾಗುತ್ತದೆ ಅಂತ ನಾಲ್ಕು ವಿಷಯ. ಒಂದೊಂದು ಉತ್ತರಕ್ಕೂ 0ಯಿಂದ 4 ಅಂಕ. ಅಂಕ ಜಾಸ್ತಿಯಾದಷ್ಟೂ ಕಷ್ಟ ಜಾಸ್ತಿ. ನಾನು ನಮ್ಮ ಆಡುಮಾತಿನಲ್ಲಿ ಬಿಡಿಸಿ ಕೇಳುತ್ತೇನೆ. ಹಾಗಾಗಿ ಆ ಅಂಕವನ್ನು ಬೇರೆ ಆಸ್ಪತ್ರೆಯ ಅಂಕದ ಪಕ್ಕ ಇಡುವುದಿಲ್ಲ. ಅದೇ ವ್ಯಕ್ತಿಯ ಹಿಂದಿನ ಅಂಕದ ಜೊತೆ ಮಾತ್ರ ನೋಡುತ್ತೇನೆ.

ಯಾರ ಎದುರು ಕೇಳುತ್ತೇವೆ ಅನ್ನುವುದು ದೊಡ್ಡ ವಿಷಯ. ಹೆಂಡತಿ ಬಾಗಿಲಲ್ಲಿ ನಿಂತಿದ್ದರೆ ಎಲ್ಲದಕ್ಕೂ "ಏನಿಲ್ಲ, ಪರವಾಗಿಲ್ಲ" ಅನ್ನುವ ಉತ್ತರವೇ. "ಅಕ್ಕ, ಒಂದು ಲೋಟ ಕಾಫಿ ಸಿಗ್ತದಾ?" ಅಂದರೆ ಸಾಕು, ಮಲೆನಾಡಿನ ಮನೆಯಲ್ಲಿ ಹತ್ತು ನಿಮಿಷ ಸಿಕ್ಕಿತು ಅಂತಲೇ ಲೆಕ್ಕ. (ಕಾಫಿ ಜೊತೆ ಕೋಡುಬಳೆಯೂ ಬಂದರೆ ನಾನು ಬೇಡ ಅನ್ನುವುದಿಲ್ಲ.) ಹೆಂಗಸರಿಗೆ ಪೆಟ್ಟಾಗಿದ್ದರೆ ನಾನು ಕೇಳುವುದೇ ಇಲ್ಲ, ನರ್ಸ್ ಕೇಳುತ್ತಾರೆ.

ಇನ್ನೊಂದು, ಮಳೆಗಾಲ. ಅಷ್ಟೇ ಸೋರಿಕೆ ಮಾರ್ಚ್‌ನಲ್ಲಾದರೆ ಬಟ್ಟೆ ಅಂಗಳದಲ್ಲಿ ಮಧ್ಯಾಹ್ನದೊಳಗೆ ಒಣಗುತ್ತದೆ. ಜುಲೈನಲ್ಲಿ ಬಚ್ಚಲೊಲೆ ಮೇಲಿನ ಹಗ್ಗಕ್ಕೆ ಹಾಕಿದರೂ ಎರಡು ದಿನ ಬೇಕು. ಮನೆಯೆಲ್ಲ ವಾಸನೆ, ನೆಂಟರು ಬಂದರೆ ಸಂಕಟ. ಸೋರಿಕೆ ಎಷ್ಟಿತ್ತೋ ಅಷ್ಟೇ, ಕಷ್ಟ ಮಾತ್ರ ಜಾಸ್ತಿ. ಅದಕ್ಕೆ ಮಳೆಗಾಲದ ಅಂಕವನ್ನು ಮಳೆಗಾಲದ ಅಂಕಕ್ಕೇ ಹೋಲಿಸುತ್ತೇನೆ.

ಆಗುಂಬೆ ಕಡೆಯ ಅಣ್ಣನಿಗೆ ಕೈ ಚೆನ್ನಾಗಿತ್ತು. ಕೈ ತೊಳೆದು ತಾವೇ ಪೈಪ್ ಹಾಕಿಕೊಳ್ಳುವುದನ್ನು ನರ್ಸ್ ಕಲಿಸಿದರು. ಆಮೇಲೆ ನೀರು ಕುಡಿಯತೊಡಗಿದರು. ಹೊಸ ಹಾಳೆಯಲ್ಲಿ ಸೋರಿಕೆ ಒಂದೆರಡು ಕಡೆ ಕಾಣಿಸಿತು. ಕ್ವಾಲಿವೀನ್ ಅಂಕ ಮಾತ್ರ ಇಳಿದಿತ್ತು, ಅದರಲ್ಲೂ 'ಕಟ್ಟಿಹಾಕುತ್ತದೆ' ಅನ್ನುವ ಕಡೆ. ಬಸ್ ಹತ್ತಿ ತೀರ್ಥಹಳ್ಳಿ ಸಂತೆಗೆ ಹೋಗಿ ಬಂದಿದ್ದರು.

ಅವರು ಶಿವಮೊಗ್ಗಕ್ಕೆ ಡಾಕ್ಟರ್ ಹತ್ತಿರ ಹೊರಟಾಗ ಸೋರಿಕೆ ಲೆಕ್ಕದ್ದು, ಕ್ವಾಲಿವೀನ್‌ದು ಎರಡೂ ಹಾಳೆಯನ್ನು ಪಿನ್ ಹಾಕಿ ಕೊಟ್ಟೆ. ಸೋರಿಕೆಯದ್ದು ಮಾತ್ರ ನೋಡಿದರೆ ಸೋರಿಕೆ ತಡೆಯಲು ಕೊಡುವ ಮಾತ್ರೆ ಜಾಸ್ತಿ ಮಾಡುವ ಯೋಚನೆ ಬರುವುದು ಸಹಜ. ಆ ಮಾತ್ರೆಗಳಲ್ಲಿ ಕೆಲವು ಬಾಯಿ ಒಣಗಿಸುತ್ತವೆ, ಮಲಬದ್ಧತೆ ತರುತ್ತವೆ. ಡಾಕ್ಟರ್ ಎರಡನ್ನೂ ಓದಿ, "ಈ ಸೋರಿಕೆಯಿಂದ ನಿಮಗೆ ತೊಂದರೆ ಇದೆಯಾ?" ಅಂತ ಅವರನ್ನೇ ಕೇಳಿದರಂತೆ. ಮಾತ್ರೆ ಇದ್ದಷ್ಟೇ ಇರಲಿ ಅಂತ ತೀರ್ಮಾನವಾಯಿತು.