ಒಂದೇ ಬಾವಿ, ಹಲವು ಮನೆ: ಪೈಪ್ ಅದುರಿದರೆ ಎಲ್ಲಿಂದ ಹುಡುಕಬೇಕು?

ಯಾರೋ ನಲ್ಲಿ ನಿಲ್ಲಿಸಿದ ಕೂಡಲೇ ಗೋಡೆಯೊಳಗೆ ಧಡ್ ಎಂದು ಸದ್ದು. ಅಥವಾ ಮೋಟಾರ್ ಶುರುವಾದಾಗಲೆಲ್ಲ ಪೈಪಿಗೆ ಗಡಗಡ ನಡುಕ. ಎರಡು ಮೂರು ಮನೆಯವರು ಸೇರಿ ಒಂದೇ ಬಾವಿಯ ನೀರು ಬಳಸುವ ಕಡೆ ಈ ತೊಂದರೆಯ ಮೂಲ ಹಿಡಿಯುವುದು ಕಷ್ಟ. ತಪ್ಪು ಇರುವುದು ಒಂದು ಮನೆಯಲ್ಲಿ, ನಿದ್ದೆ ಕೆಡುವುದು ಇನ್ನೊಂದು ಮನೆಯಲ್ಲಿ. ನೀರು ತುಂಬಿದ ಪೈಪಿನಲ್ಲಿ ಸದ್ದು ಬಹಳ ದೂರ ಹೋಗುತ್ತದೆ. ಹಾಗಾಗಿ ಸದ್ದು ಕೇಳಿದ ಜಾಗದಲ್ಲೇ ಗೋಡೆ ಒಡೆಯಲು ಹೋಗಬೇಡಿ.

ಸಾಮಾನ್ಯವಾಗಿ ಎಲ್ಲರೂ ಮೊದಲು ಮಾಡುವ ಕೆಲಸ ಕ್ಲಾಂಪ್ ಬಿಗಿ ಮಾಡುವುದು. ಅದರಿಂದ ಸದ್ದು ಕಡಿಮೆಯಾಗಬಹುದು, ಆದರೆ ಒಳಗಿನ ಹೊಡೆತ ನಿಲ್ಲುವುದಿಲ್ಲ. ಆ ಹೊಡೆತ ಜಾಯಿಂಟುಗಳ ಮೇಲೆ ಬೀಳುತ್ತಲೇ ಇರುತ್ತದೆ, ಒಂದು ದಿನ ಸೋರಲು ಶುರುವಾಗುತ್ತದೆ. ಕ್ಲಾಂಪ್ ಕೆಲಸ ಕೊನೆಗಿರಲಿ.

ಮೊದಲು: ಯಾವಾಗ ಅದುರುತ್ತದೆ?

ಎರಡು ಮೂರು ದಿನ ಎಲ್ಲ ಮನೆಯವರೂ ಸದ್ದು ಬಂದ ಹೊತ್ತನ್ನು ಬರೆದಿಡಲಿ. ಆಗ ಯಾರ ಮನೆಯಲ್ಲಿ ಏನು ನಡೆಯುತ್ತಿತ್ತು ಎಂಬುದೂ ಇರಲಿ: ವಾಷಿಂಗ್ ಮಷಿನ್ ಓಡುತ್ತಿತ್ತೇ, ಟ್ಯಾಂಕ್ ತುಂಬುತ್ತಿತ್ತೇ, ಮೋಟಾರ್ ಆಗಷ್ಟೇ ನಿಂತಿತ್ತೇ? ಅರ್ಧ ಉತ್ತರ ಇದರಲ್ಲೇ ಸಿಗುತ್ತದೆ. ನಲ್ಲಿ ನಿಲ್ಲಿಸಿದಾಗ ಒಂದೇ ಏಟಿನ ಸದ್ದಾದರೆ ಕಾರಣ ಮನೆಯೊಳಗಿದೆ. ಮೋಟಾರ್ ಶುರುವಾಗುವಾಗ ಅಥವಾ ನಿಲ್ಲುವಾಗ ಆದರೆ ಬಾವಿಯ ಕಡೆ ನೋಡಿ. ನೀರು ಹರಿಯುವಷ್ಟು ಹೊತ್ತೂ ಗುಂಯ್ ಎನ್ನುತ್ತಿದ್ದರೆ ಯಾವುದೋ ವಾಲ್ವ್ ಅಥವಾ ವಾಷರ್ ಸಡಿಲವಾಗಿದೆ.

ಆಮೇಲೆ: ಒಂದೊಂದೇ ಮನೆ ಬೇರೆ ಮಾಡಿ

ಎಲ್ಲರಿಗೂ ಮೊದಲೇ ತಿಳಿಸಿ, ಒಂದು ಮನೆಗೆ ನೀರು ಬಿಡುವ ಗೇಟ್ ವಾಲ್ವ್ ಮಾತ್ರ ತೆರೆದಿಟ್ಟು ಉಳಿದವನ್ನು ಮುಚ್ಚಿ. ಆ ಮನೆಯ ನಲ್ಲಿಗಳನ್ನು ತೆರೆದು, ಮುಚ್ಚಿ ನೋಡಿ. ನಂತರ ಮುಂದಿನ ಮನೆ. ಯಾವ ಮನೆ ತೆರೆದಾಗ ಅದುರಿತೋ ಹುಡುಕಾಟ ಅಲ್ಲಿಗೆ ಸೀಮಿತ. ಪ್ರೆಶರ್ ಸ್ವಿಚ್ (ನೀರಿನ ಒತ್ತಡ ನೋಡಿ ಮೋಟಾರನ್ನು ತಾನೇ ಆನ್-ಆಫ್ ಮಾಡುವ ಸ್ವಿಚ್) ಇಲ್ಲದ ಮೋಟಾರನ್ನು ಎಲ್ಲ ವಾಲ್ವ್ ಮುಚ್ಚಿ ಓಡಿಸಲೇಬಾರದು. ನೀರಿಗೆ ಹೋಗಲು ದಾರಿ ಇಲ್ಲದೆ ಪಂಪ್ ಬಿಸಿಯಾಗಿ ಹಾಳಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಗೇಟ್ ವಾಲ್ವುಗಳನ್ನು ಪೂರ್ತಿ ತೆರೆಯಿರಿ. ಅರ್ಧ ತೆರೆದ ಗೇಟ್ ವಾಲ್ವ್ ತಾನೇ ಕಂಪಿಸುತ್ತದೆ.

ಪ್ರೆಶರ್ ಟ್ಯಾಂಕ್: ಇಲ್ಲಿ ಆತುರ ಬೇಡ

ಹಂಚಿಕೊಂಡ ಬಾವಿಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಟ್ಯಾಂಕಿನೊಳಗೆ ಒಂದು ರಬ್ಬರ್ ಚೀಲ ಇರುತ್ತದೆ. ಅದರ ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ. ಏಟನ್ನು ನುಂಗುವುದು ಆ ಗಾಳಿ. ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಗಾಳಿಯನ್ನು ಆಗುತ್ತದೆ. ಗಾಳಿ ಹೋದರೆ ಪ್ರತಿ ಏಟೂ ನೇರ ಪೈಪಿಗೆ. ಜೊತೆಗೆ ಯಾರೋ ಒಂದು ಲೋಟ ನೀರು ಹಿಡಿದರೂ ಮೋಟಾರ್ ಆನ್ ಆಗಿ, ಕೆಲವೇ ಸೆಕೆಂಡಿನಲ್ಲಿ ಆಫ್ ಆಗಿ, ಮತ್ತೆ ಆನ್ ಆಗುತ್ತದೆ. ಈ ಲಕ್ಷಣ ಕಂಡರೆ ಬೇರೆಡೆ ಹೋಗಬೇಡಿ, ಟ್ಯಾಂಕ್ ನೋಡಿ.

ಬೆರಳಿನ ಗೆಣ್ಣಿನಿಂದ ಟ್ಯಾಂಕನ್ನು ಮೇಲಿಂದ ಕೆಳಗೆ ತಟ್ಟುತ್ತಾ ಬನ್ನಿ. ಸರಿಯಿದ್ದರೆ ಮೇಲೆ ಟೊಳ್ಳು ಸದ್ದು, ಕೆಳಗೆ ಮಂದ ಸದ್ದು. ಇಡೀ ಟ್ಯಾಂಕ್ ಮಂದವಾಗಿ ಕೇಳಿಸಿದರೆ ಒಳಗೆಲ್ಲ ನೀರೇ. ಆಮೇಲೆ ಮೋಟಾರಿನ ಮೇನ್ ಸ್ವಿಚ್ ಆಫ್ ಮಾಡಿ, ಹತ್ತಿರದ ನಲ್ಲಿ ತೆರೆದು, ಒತ್ತಡ ತೋರಿಸುವ ಗೇಜ್ ಸೊನ್ನೆಗೆ ಬರುವವರೆಗೆ ನೀರು ಬಿಡಿ. ನೀರು ಇರುವಾಗ ಗಾಳಿಯ ಒತ್ತಡ ಅಳೆದರೆ ತಪ್ಪು ಲೆಕ್ಕ ಸಿಗುತ್ತದೆ. ಟ್ಯಾಂಕಿನ ಗಾಳಿ ವಾಲ್ವ್ ಟೈರಿನಲ್ಲಿರುವಂಥದ್ದೇ. ಮುಚ್ಚಳ ತೆಗೆದು ಟೈರ್ ಗೇಜ್ ಒತ್ತಿ. ಮೋಟಾರ್ ಆನ್ ಆಗುವ ಒತ್ತಡಕ್ಕಿಂತ 2 ಪಿಎಸ್‌ಐ (ಒತ್ತಡದ ಅಳತೆ) ಕಡಿಮೆ ಇರಬೇಕು. ಅಂದರೆ 30ಕ್ಕೆ ಆನ್, 50ಕ್ಕೆ ಆಫ್ ಆಗುವ ಸ್ವಿಚ್ ಇದ್ದರೆ ಟ್ಯಾಂಕಿನಲ್ಲಿ 28 ಪಿಎಸ್‌ಐ. ಕಡಿಮೆ ಇದ್ದರೆ ಸೈಕಲ್ ಪಂಪಿನಿಂದಲೇ ತುಂಬಿಸಬಹುದು. ವಾಲ್ವ್ ಒತ್ತಿದಾಗ ಗಾಳಿ ಬದಲು ನೀರು ಚಿಮ್ಮಿತೋ, ಒಳಗಿನ ಚೀಲ ಹರಿದಿದೆ. ಚೀಲವನ್ನೋ ಇಡೀ ಟ್ಯಾಂಕನ್ನೋ ಬದಲಿಸಲೇಬೇಕು.

ಎಲ್ಲ ಸರಿಯಿದ್ದೂ ಮೋಟಾರ್ ಪದೇಪದೇ ಆನ್ ಆಗುತ್ತಿದ್ದರೆ ಟ್ಯಾಂಕ್ ಸಣ್ಣದಾಗಿದೆ ಎಂದು ತಿಳಿಯಿರಿ. ಒಂದು ಮನೆಗೆಂದು ಕೊಂಡ ಟ್ಯಾಂಕಿಗೆ ಆಮೇಲೆ ಇನ್ನೆರಡು ಮನೆ ಸೇರಿಕೊಂಡಿರುತ್ತವೆ, ಅಲ್ವಾ? ಮೋಟಾರ್ ಒಮ್ಮೆ ಶುರುವಾದರೆ ಕನಿಷ್ಠ ಒಂದು ನಿಮಿಷವಾದರೂ ಓಡುವಂತಿರಬೇಕು.

ಮೋಟಾರ್ ನಿಂತಾಗ ಧಡ್ ಎಂದರೆ

ನೀರು ವಾಪಸ್ ಹೋಗದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ತಡವಾಗಿ ಮುಚ್ಚುತ್ತಿದೆ. ಹಿಂದೆ ಸರಿಯಲು ಶುರುವಾದ ನೀರು ಮುಚ್ಚುವ ಬಾಗಿಲಿಗೆ ಬಡಿಯುತ್ತದೆ. ಮೋಟಾರ್ ಶುರುವಾದಾಗ ಆ ಸದ್ದು ಬಂದರೆ ಕಾರಣ ಬೇರೆ: ಕೊಳವೆಯಲ್ಲಿ ಎರಡು ನಾನ್ ರಿಟರ್ನ್ ವಾಲ್ವ್ ಇದ್ದು, ಕೆಳಗಿನದು ಸೋರುತ್ತಿರುತ್ತದೆ. ನಡುವಿನ ನೀರು ಇಳಿದು ಅಲ್ಲಿ ಖಾಲಿ ಜಾಗ ಉಳಿಯುತ್ತದೆ. ಮೋಟಾರ್ ಶುರುವಾದಾಗ ಕೆಳಗಿನ ನೀರು ರಭಸದಿಂದ ಏರಿ ಮೇಲಿನ ವಾಲ್ವಿಗೆ ಅಪ್ಪಳಿಸುತ್ತದೆ. ಮೋಟಾರ್ ಆಫ್ ಮಾಡಿ, ಎಲ್ಲ ಮನೆಯ ವಾಲ್ವ್ ಮುಚ್ಚಿ ಗೇಜ್ ನೋಡಿ. ಮುಳ್ಳು ಇಳಿಯುತ್ತಾ ಹೋದರೆ ನೀರು ಬಾವಿಗೆ ವಾಪಸ್ ಹೋಗುತ್ತಿದೆ, ಇಲ್ಲವೇ ನೆಲದಡಿಯ ಪೈಪ್ ಸೋರುತ್ತಿದೆ.

ಬಾವಿಯ ಮೇಲೆ ಕೂರಿಸಿದ ಪಂಪ್ ಆದರೆ ಜಲ್ಲಿಕಲ್ಲು ಅರೆದಂಥ ಸದ್ದು ಕೇಳಿಸುತ್ತದೆಯೇ ಗಮನಿಸಿ. ಕೇಳಿಸಿದರೆ ನೀರಿನ ಮಟ್ಟ ಬಹಳ ಕೆಳಗಿಳಿದಿದೆ, ಇಲ್ಲವೇ ನೀರೆಳೆಯುವ ಪೈಪಿನ ಬುಡದಲ್ಲಿರುವ ಫುಟ್ ವಾಲ್ವ್ ಕಟ್ಟಿಕೊಂಡಿದೆ ಅಥವಾ ಪಂಪ್ ಏರ್ ಎಳೆಯುತ್ತಿದೆ. ಮೇಲಿನ ಪಂಪ್ ಲೆಕ್ಕದ ಪ್ರಕಾರ 10 ಮೀಟರ್ ಆಸುಪಾಸಿನಿಂದ ಎಳೆಯಬಹುದು ಎನ್ನುತ್ತಾರೆ. ನಿಜದಲ್ಲಿ 7-8 ಮೀಟರ್ ದಾಟಿದರೆ ಒದ್ದಾಡುತ್ತದೆ.

ಮನೆಯೊಳಗೆ

ವಾಷಿಂಗ್ ಮಷಿನ್ನಿನ ವಾಲ್ವ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚುತ್ತದೆ. ಹರಿಯುತ್ತಿದ್ದ ನೀರು ದಿಢೀರ್ ನಿಂತಾಗ ಒತ್ತಡ ಎಷ್ಟು ಏರುತ್ತದೆ ಎಂದು ರಷ್ಯಾದ ವಿಜ್ಞಾನಿ ನಿಕೊಲಾಯ್ ಝುಕೋವ್ಸ್ಕಿ 1898ರಲ್ಲೇ ಲೆಕ್ಕ ಕೊಟ್ಟಿದ್ದರು. ಕಬ್ಬಿಣದ ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗದ ನೀರು ಫಕ್ಕನೆ ನಿಂತರೆ 10 ಬಾರ್‌ಗೂ (ಸುಮಾರು 145 ಪಿಎಸ್‌ಐ) ಹೆಚ್ಚು ಒತ್ತಡ ಏರಬಹುದು. ಪ್ಲಾಸ್ಟಿಕ್ ಪೈಪಿನಲ್ಲಿ ಇದಕ್ಕಿಂತ ಕಡಿಮೆ. ಹೊಡೆತ ತಡೆಯುವ ಸಣ್ಣ ಅರೆಸ್ಟರ್ ಸಿಗುತ್ತದೆ, ಅದನ್ನು ಮಷಿನ್ನಿನ ನಲ್ಲಿಯ ಪಕ್ಕದಲ್ಲೇ ಹಾಕಿಸಿ. ದೂರ ಹಾಕಿದರೆ ಅಷ್ಟು ಉಪಯೋಗ ಇಲ್ಲ.

ತಗ್ಗಿನಲ್ಲಿರುವ ಮನೆಯಲ್ಲಿ ಮಾತ್ರ ಸದ್ದು ಜಾಸ್ತಿಯೇ? ಪ್ರತಿ 10 ಮೀಟರ್ ಇಳಿದಾಗ ಒತ್ತಡ ಸುಮಾರು 14 ಪಿಎಸ್‌ಐ ಏರುತ್ತದೆ. ಇಡೀ ಬಾವಿಯ ಒತ್ತಡ ತಗ್ಗಿಸಿದರೆ ಮೇಲಿನ ಮನೆಗೆ ನೀರೇ ಬರುವುದಿಲ್ಲ. ಆ ಒಂದು ಮನೆಗೆ ಒತ್ತಡ ಇಳಿಸುವ ವಾಲ್ವ್ ಕೂರಿಸುವುದೇ ನ್ಯಾಯ.

ಮೇಲಿನ ಟ್ಯಾಂಕ್ ತುಂಬುತ್ತಾ ಬಂದಾಗ ಪೈಪ್ ಗುಂಯ್ ಎಂದರೆ, ಹತ್ತಿ ಹೋಗಿ ಫ್ಲೋಟ್ ವಾಲ್ವಿನ ಚೆಂಡನ್ನು ಕೈಯಲ್ಲಿ ಹಿಡಿಯಿರಿ. ಸದ್ದು ನಿಂತರೆ ಕಳ್ಳ ಸಿಕ್ಕಿದ. ಟ್ಯಾಂಕಿನ ಅಲೆಗೆ ಚೆಂಡು ಕುಣಿದು, ವಾಲ್ವ್ ಮುಚ್ಚಿ ತೆರೆದು ಆಡುತ್ತಿರುತ್ತದೆ. ವಾಷರ್ ಬದಲಿಸಿ, ಆಗದಿದ್ದರೆ ವಾಲ್ವನ್ನೇ ಬದಲಿಸಿ. ನಲ್ಲಿ ಗುಂಯ್ ಎಂದರೂ ಮೊದಲು ವಾಷರ್.

ಈಗ ಕ್ಲಾಂಪ್

ಪ್ಲಾಸ್ಟಿಕ್ ಪೈಪಿಗೆ ಒಂದೂಕಾಲು ಮೀಟರಿಗೊಂದು ಆಧಾರ ಬೇಕು, ಒಳಗೆ ರಬ್ಬರ್ ಪಟ್ಟಿ ಇದ್ದರೆ ಒಳ್ಳೆಯದು. ಬಿಸಿನೀರಿನ ಪೈಪನ್ನು ಉಸಿರುಗಟ್ಟುವಷ್ಟು ಬಿಗಿಯಬೇಡಿ, ಅದಕ್ಕೆ ಹಿಗ್ಗಲು ಜಾಗ ಬೇಕು. ಪಂಪಿನ ಅಡಿಗೆ ರಬ್ಬರ್ ಪ್ಯಾಡ್, ಪಂಪಿಗೂ ಪೈಪಿಗೂ ನಡುವೆ ಬಾಗುವ ಹೋಸ್ ಹಾಕಿದರೆ ಮೋಟಾರಿನ ನಡುಕ ಮನೆಗಳಿಗೆ ಹೋಗುವುದಿಲ್ಲ.

ಪ್ರೆಶರ್ ಸ್ವಿಚ್ಚಿನ ವೈರಿಂಗ್ ಮುಟ್ಟುವ ಕೆಲಸ ಎಲೆಕ್ಟ್ರಿಷಿಯನ್ನಿಗೆ ಬಿಡಿ. ಬಾವಿಯೊಳಗಿನ ಮೋಟಾರ್ ಎತ್ತುವುದೂ ಅನುಭವ ಇದ್ದವರ ಕೆಲಸ. ಮೋಟಾರ್ ಎತ್ತಿ ಇಳಿಸಿದ ಮೇಲೆ ಬಾವಿಗೆ ಕ್ಲೋರಿನ್ ಹಾಕಿಸಿ. ಪ್ರತಿ ಮನೆಯಲ್ಲೂ ವಾಸನೆ ಹೋಗುವವರೆಗೆ ನಲ್ಲಿ ಬಿಟ್ಟ ನಂತರವೇ ಆ ನೀರು ಕುಡಿಯಬೇಕು, ಇದನ್ನು ಎಲ್ಲ ಮನೆಯವರಿಗೂ ಹೇಳಿ.