ಮನೆಮನೆಗೆ ಹೋಗಿ ಮಾಡುವ ವಾಕ್ ಚಿಕಿತ್ಸೆ

ಮೈಸೂರಿನಲ್ಲಿ ವಾಕ್ ಮತ್ತು ಶ್ರವಣ, ಅಂದರೆ ಮಾತು ಮತ್ತು ಕೇಳುವಿಕೆಯ ತೊಂದರೆಗಳ ಚಿಕಿತ್ಸೆಯ ಪದವಿ ಮುಗಿಸಿ ಕಾಸರಗೋಡಿಗೆ ಮರಳಿದಾಗ ಪೇಟೆಯಲ್ಲಿ ಕ್ಲಿನಿಕ್ ತೆರೆದು ಕೂರುವ ದಾರಿಯೂ ನನಗಿತ್ತು. ಆದರೆ ಪೆರ್ಲ, ಅಡೂರು, ಬಾಯಾರು ಕಡೆಯ ಒಳಪ್ರದೇಶದವರಿಗೆ ದಿನದ ಕೂಲಿ ಬಿಟ್ಟು, ತಾನಾಗಿ ಕೂರಲಾರದ ಮಗುವನ್ನು ಎತ್ತಿಕೊಂಡು, ಬಸ್ ಬದಲಿಸುತ್ತ ವಾರ ವಾರ ಪೇಟೆಗೆ ಬರುವುದು ಆಗುವ ಮಾತಲ್ಲ. ಆದ್ದರಿಂದ ಕೆಲವು ದಿನ ಬೌದ್ಧಿಕ ಬೆಳವಣಿಗೆಯ ತೊಂದರೆಯಿರುವ ಮಕ್ಕಳಿಗಾಗಿ ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳಿಗೂ ಉಳಿದ ದಿನ ಮನೆಗಳಿಗೂ ನಾನೇ ಹೋಗುವ ಕ್ರಮವನ್ನು ಇಟ್ಟುಕೊಂಡೆ. ಹೋದಲ್ಲೆಲ್ಲ ನನ್ನನ್ನು ‘ಟೀಚರ್’ ಎಂದೇ ಕರೆಯುತ್ತಾರೆ.

ಮನೆಗೆ ಹೋದಾಗ ನಾನು ಮೊದಲು ಕೇಳುವುದು ಮಗು ಯಾರೊಡನೆ ಯಾವ ಭಾಷೆ ಆಡುತ್ತದೆ ಎಂದು. ನಮ್ಮಲ್ಲಿ ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ನೆರೆಮನೆಯಲ್ಲಿ ಬ್ಯಾರಿ ಅಥವಾ ಮರಾಠಿ ಇರುವುದು ಸಾಮಾನ್ಯ. ಇಂಥ ಮಗುವನ್ನು ಕನ್ನಡ ಪರೀಕ್ಷೆಯಿಂದ ಮಾತ್ರ ಅಳೆದರೆ ಅದರ ಅರ್ಧ ಸಾಮರ್ಥ್ಯವೂ ಕಾಣಿಸದೆ ಹೋಗಬಹುದು. ಆದ್ದರಿಂದ ಒಂದು ವಸ್ತುವಿನ ಹೆಸರನ್ನು ಮಗು ಯಾವ ಭಾಷೆಯಲ್ಲಿ ಹೇಳಿದರೂ ಅದಕ್ಕೆ ಆ ವಸ್ತು ಗೊತ್ತಿದೆ ಎಂದೇ ಲೆಕ್ಕ ಹಿಡಿಯುತ್ತೇನೆ. ಆಡುಮಾತಿನ ತುಳುವಿನಲ್ಲಿ ಸಾಮಾನ್ಯವಾಗಿ ಮಹಾಪ್ರಾಣಗಳಿಲ್ಲ, ಅದರ ಕೆಲವು ಪ್ರಭೇದಗಳಲ್ಲಿ ಳಕಾರ ಣಕಾರಗಳ ಜಾಗದಲ್ಲಿ ಲಕಾರ ನಕಾರಗಳೇ ಬರುತ್ತವೆ. ‘ಭೂಮಿ’ಯನ್ನು ‘ಬೂಮಿ’ ಎನ್ನುವ ಮಗುವನ್ನು ಉಚ್ಚಾರದೋಷವೆಂದು ಶಾಲೆಯವರು ಕಳುಹಿಸಿದರೆ, ಅದಕ್ಕೆ ಚಿಕಿತ್ಸೆ ಬೇಡವೆಂದು ತಿಳಿಸುವುದೂ ನನ್ನ ಕೆಲಸವೇ.

ಮಾತು ತಡವಾದ ಮಗುವಿನೊಡನೆ ಅಂಗನವಾಡಿಯ ಭಾಷೆಯನ್ನಷ್ಟೇ ಆಡಬೇಕೆಂದು ಯಾರೋ ಹೇಳಿದ್ದನ್ನು ನಂಬಿ, ಬಾರದ ಮಲಯಾಳದಲ್ಲಿ ‘ಬಾ, ಕೂರು, ತಿನ್ನು’ ಎಂಬಷ್ಟಕ್ಕೆ ಮಾತನ್ನು ಇಳಿಸಿಕೊಂಡ ತಾಯಂದಿರನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಎರಡು ಮೂರು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಕೇಳುವ ಮಾತೇ ಕಡಿಮೆಯಾದಾಗ ಮಗುವಿಗೆ ಕಲಿಯುವ ಅವಕಾಶ ಕುಗ್ಗುತ್ತದೆ. ಬೀಡಿ ಕಟ್ಟುವ ತಾಯಿಗೆ ಆಟಿಕೆ ಹರಡಿಕೊಂಡು ಕೂರಲು ಪುರುಸೊತ್ತಿಲ್ಲ, ಆದರೆ ಅವರ ಕೈಗಷ್ಟೇ ಕೆಲಸ, ಬಾಯಿಗಲ್ಲ. ಎಲೆ ಕತ್ತರಿಸುವುದು, ಸುರುಟುವುದು, ನೂಲು ಸುತ್ತುವುದು, ಹೀಗೆ ಮಾಡುತ್ತಿರುವುದನ್ನೆಲ್ಲ ತಮ್ಮದೇ ತುಳುವಿನಲ್ಲಿ ಹೇಳುತ್ತ, ನಡುವೆ ನಿಲ್ಲಿಸಿ, ಮಗು ಸನ್ನೆಯಿಂದಲೋ ಸ್ವರದಿಂದಲೋ ಉತ್ತರಿಸುವವರೆಗೆ ಕಾಯುವಂತೆ ಅವರಿಗೆ ತೋರಿಸಿಕೊಡುತ್ತೇನೆ. ಈ ಕಾಯುವಿಕೆಯನ್ನು ಕಲಿಸುವುದಕ್ಕೇ ನನಗೆ ಹೆಚ್ಚು ಸಮಯ ಬೇಕಾಗುತ್ತದೆ.

ಶ್ರವಣ ಸಾಧನ ಹಾಕಿಕೊಂಡ ಮಕ್ಕಳ ಮನೆಯಲ್ಲಿ ಮಳೆಗಾಲದ ತೇವವೇ ದೊಡ್ಡ ತಲೆನೋವು. ರಾತ್ರಿ ಸಾಧನವನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಲು ಹೇಳುತ್ತೇನೆ. ಬೆಳಗ್ಗೆ ತಾಯಿ ಮಗುವಿನ ಹಿಂದೆ ನಿಂತು ಆ, ಈ, ಊ, ಮ್, ಶ್, ಸ್ ಎಂಬ ಲಿಂಗ್ ಪರೀಕ್ಷೆಯ ಆರು ಧ್ವನಿಗಳನ್ನು ಒಂದೊಂದಾಗಿ ಹೇಳಿ, ಮಗು ಪ್ರತಿಯೊಂದಕ್ಕೂ ಸ್ಪಂದಿಸುತ್ತದೆಯೇ ಎಂದು ನೋಡಿದರೆ, ಸಾಧನ ಕೆಟ್ಟಿದೆಯೇ ಎಂಬುದು ನನ್ನ ಮುಂದಿನ ಭೇಟಿಯವರೆಗೆ ಕಾಯದೆ ಅಂದೇ ತಿಳಿಯುತ್ತದೆ.

ಪಾರ್ಶ್ವವಾಯುವಾದ ಹಿರಿಯರ ಮನೆಗಳಲ್ಲಿ ಮಾತಿಗಿಂತ ಮೊದಲು ನುಂಗುವಿಕೆಯನ್ನು ನೋಡುತ್ತೇನೆ, ಅದೂ ನಮ್ಮ ಚಿಕಿತ್ಸೆಯ ಭಾಗವೇ. ಕಾಯಿಲೆಯವರಿಗೆ ಗಂಜಿಯೇ ಹಗುರ ಎಂಬುದು ನಮ್ಮವರ ನಂಬಿಕೆ. ಆದರೆ ಕುಚ್ಚಲಕ್ಕಿಯ ಗಂಜಿಯಲ್ಲಿ ತೆಳುವಾದ ತಿಳಿಯೂ ಇಡಿಯಾದ ಅನ್ನವೂ ಬೆರೆತಿರುವುದರಿಂದ, ಅನ್ನವನ್ನು ಅಗಿಯುತ್ತಿರುವಾಗಲೇ ತಿಳಿ ಗಂಟಲಿಗೆ ಜಾರಿ ಶ್ವಾಸನಾಳ ಸೇರಬಹುದು. ನುಂಗುವಿಕೆ ದುರ್ಬಲವಾದವರಿಗೆ ಇದು ಅತ್ಯಂತ ಕಷ್ಟದ ಆಹಾರಗಳಲ್ಲಿ ಒಂದು. ಯಾವ ಹದ ಒಗ್ಗುತ್ತದೆಂದು ಪರೀಕ್ಷಿಸಿದ ಮೇಲೆ, ಗಂಜಿಯನ್ನು ನುಣ್ಣಗೆ ಅರೆದು ಒಂದೇ ಹದಕ್ಕೆ ತರುವುದನ್ನೋ ಕೂವೆ (ಆರಾರೂಟ್) ಹುಡಿಯನ್ನು ಕುದಿಸಿ ದಪ್ಪ ಮಾಡಿದ ಮಣ್ಣಿಯನ್ನೋ ಅಡುಗೆಮನೆಯಲ್ಲೇ ನಿಂತು ಮಾಡಿಸುತ್ತೇನೆ. ಪಿಷ್ಟದಿಂದ ದಪ್ಪವಾದದ್ದು ಎಂಜಲು ತಗಲಿದರೆ ಮತ್ತೆ ನೀರಾಗುವುದರಿಂದ, ಉಣಿಸುವ ಚಮಚವನ್ನು ಪಾತ್ರೆಗೆ ಅದ್ದದೆ ಸ್ವಲ್ಪ ಸ್ವಲ್ಪವೇ ಬೇರೆ ಬಟ್ಟಲಿಗೆ ಹಾಕಿಕೊಳ್ಳಬೇಕು.

ಮಳೆಗೆ ದಾರಿ ಕೆಟ್ಟ ವಾರಗಳಲ್ಲಿ ಮನೆಯವರು ವಾಟ್ಸಾಪ್‌ನಲ್ಲಿ ವಿಡಿಯೋ ಕಳುಹಿಸುತ್ತಾರೆ. ಮಾತಿನ ಅಭ್ಯಾಸವನ್ನು ತಿದ್ದಲು ಅದು ಧಾರಾಳ ಸಾಕು. ನುಂಗುವಿಕೆಯ ಬಗ್ಗೆ ಮಾತ್ರ ವಿಡಿಯೋ ನೋಡಿ ನಾನು ತೀರ್ಮಾನ ಹೇಳುವುದಿಲ್ಲ, ಏಕೆಂದರೆ ಕೆಲವರಲ್ಲಿ ಆಹಾರ ಶ್ವಾಸನಾಳಕ್ಕೆ ಹೋದರೂ ಕೆಮ್ಮು ಬರುವುದಿಲ್ಲ. ಊಟದ ನಂತರ ಸ್ವರ ಗಂಟಲಲ್ಲಿ ನೀರು ನಿಂತಂತೆ ಕೇಳಿದರೆ ಅಥವಾ ಆಗಾಗ ಜ್ವರ ಬರುತ್ತಿದ್ದರೆ ಮೊದಲು ವೈದ್ಯರ ಬಳಿಗೆ ಕಳುಹಿಸುತ್ತೇನೆ, ದಾರಿ ಸರಿಯಾದ ಕೂಡಲೇ ಆ ಮನೆಗೇ ಮೊದಲು ಹೋಗುತ್ತೇನೆ.