ಆರೈಕೆ ಮನೆಗೆ ಆಯುಷ್ಮಾನ್ ಕಾರ್ಡ್ ನಡೆಯುವುದಿಲ್ಲ: ಅವ್ವನಿಗಾಗಿ ನಾವು ದುಡ್ಡು ಹೊಂದಿಸಿದ್ದು ಹೀಗೆ

ದಾವಣಗೆರೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಗಳ ಬಗ್ಗೆ ವಿಚಾರಿಸುವವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಆಯುಷ್ಮಾನ್ ಕಾರ್ಡ್ ನಡೆಯುತ್ತಾ?" ನಡೆಯುವುದಿಲ್ಲ. ಆಸ್ಪತ್ರೆಯಲ್ಲಿ ದಾಖಲಾದರೆ ಮಾತ್ರ ಆ ಕಾರ್ಡಿನಿಂದ ದುಡ್ಡು ಬರುತ್ತದೆ. ತಿಂಗಳುಗಟ್ಟಲೆ ಎತ್ತಿ ಕೂರಿಸುವುದು, ಸ್ನಾನ ಮಾಡಿಸುವುದು, ಊಟ ತಿನ್ನಿಸುವುದು, ರಾತ್ರಿ ಮಗ್ಗುಲು ಬದಲಿಸುವುದು, ಇದ್ಯಾವುದಕ್ಕೂ ಅದರಲ್ಲಿ ಒಂದು ರೂಪಾಯಿ ಇಲ್ಲ. 70 ದಾಟಿದ ಎಲ್ಲರಿಗೂ ಅಂತ ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ವಯ ವಂದನಾ ಕಾರ್ಡ್ ಕೂಡ ಅಷ್ಟೇ, ಆಸ್ಪತ್ರೆಗೆ ಮಾತ್ರ.

ಆದರೂ ಅವ್ವನನ್ನು ಅಂಥ ಮನೆಯಲ್ಲಿ ಇಡಲು ನಮ್ಮ ಕೈಲಿ ಆಗಿದ್ದು ಸರ್ಕಾರದ ಸೌಲಭ್ಯಗಳಿಂದಲೇ. ಚಿಕಿತ್ಸೆಯ ಖರ್ಚು ಯಾವುದು, ಆರೈಕೆಯ ಖರ್ಚು ಯಾವುದು ಅಂತ ಬೇರೆ ಮಾಡಿದೆವು. ಚಿಕಿತ್ಸೆಯದ್ದನ್ನು ಆದಷ್ಟೂ ಸರ್ಕಾರದ ಕಡೆಯಿಂದ ಮಾಡಿಸಿಕೊಂಡೆವು. ನಮ್ಮ ದುಡ್ಡನ್ನು ಆರೈಕೆಗೆ ಉಳಿಸಿದೆವು.

ಅವ್ವ ಜಗಳೂರು ತಾಲ್ಲೂಕಿನ ಊರಿನಲ್ಲಿ ಒಬ್ಬಳೇ ಇದ್ದಳು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಅವಳದ್ದು ಬೇರೆ ಬಿಪಿಎಲ್ ಕಾರ್ಡು, ನಮ್ಮದು ಎಪಿಎಲ್. ಇದು ತುಂಬಾ ಮುಖ್ಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿ ಮಾಡಿದ ದರದ, ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. "ಹೇಗೂ ನಿಮ್ಮ ಹತ್ರ ಬರ್ತಾಳೆ, ಅವಳ ಹೆಸರು ನಿಮ್ಮ ಕಾರ್ಡಿಗೇ ಸೇರಿಸಿಬಿಡಿ" ಅಂತ ನೆಂಟರು ಹೇಳುತ್ತಿದ್ದರು. ಅವ್ವ ಇವತ್ತಿಗೂ ನಮ್ಮ ಮನೆಯಲ್ಲಿಲ್ಲ, ಅವಳ ಸಂಸಾರ ಬೇರೆಯೇ. ಹಾಗಾಗಿ ಕಾರ್ಡನ್ನು ಇದ್ದ ಹಾಗೇ ಬಿಟ್ಟೆವು.

ಮೊದಲು ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಆಗದಿದ್ದರೆ ಅಲ್ಲಿಂದಲೇ ರೆಫರಲ್ ಪತ್ರ ಬರೆಸಿಕೊಂಡು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಮಾತ್ರ ಪತ್ರ ಬೇಡ. ನಾವು ಪತ್ರ ತೆಗೆದುಕೊಂಡೇ ಹೋದೆವು. ಆದರೂ ಆಪರೇಷನ್ನಿಗೆ ಮುಂಚೆ ಅಲ್ಲಿನವರೊಬ್ಬರು ಒಳಗೆ ಹಾಕುವ ರಾಡಿಗೆ ಬೇರೆ ದುಡ್ಡು ಕಟ್ಟಿ ಅಂದರು. ಇಂಪ್ಲಾಂಟು, ಔಷಧಿ, ಊಟ, ಬೆಡ್ಡು ಎಲ್ಲ ಪ್ಯಾಕೇಜಿನೊಳಗೇ ಬರುತ್ತವೆ. "ಹಾಗಾದ್ರೆ ಬರೆದು ಕೊಡಿ, ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಫೋನ್ ಮಾಡಿ ಕೇಳ್ತೀನಿ" ಅಂದೆ. ಯೋಜನೆಯ ರೋಗಿಗಳಿಗೆ ಸಹಾಯ ಮಾಡಲು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರ ಹುಡುಗನೂ ನನ್ನ ಜೊತೆ ನಿಂತ. ಮತ್ತೆ ಯಾರೂ ಆ ಮಾತು ಎತ್ತಲಿಲ್ಲ. ಡಿಸ್ಚಾರ್ಜ್ ಆದ ಮೇಲೆ 15 ದಿನದವರೆಗಿನ ಔಷಧಿ, ಪರೀಕ್ಷೆಗಳೂ ಯೋಜನೆಯ ನಿಯಮದಲ್ಲಿವೆ. ಅದನ್ನು ಕೇಳಿ ಪಡೆಯಿರಿ, ಅವರಾಗಿಯೇ ಹೇಳುವುದು ಕಡಿಮೆ.

ನಿಜವಾದ ಕಷ್ಟ ಅಲ್ಲಿಂದ ಮುಂದೆ. ನಾನು, ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುವವರು. ಮನೆ ಮೊದಲನೇ ಮಹಡಿಯಲ್ಲಿದೆ. ಅವ್ವನನ್ನು ಎತ್ತಲು ಇಬ್ಬರು ಬೇಕು. ಹಾಗಾಗಿ ನರ್ಸ್ ಇರುವ ಒಂದು ಆರೈಕೆ ಮನೆ ನೋಡಿದೆವು. ತಿಂಗಳಿಗೆ ₹19,000 ಅಂದರು. ನಾನು ಅವರನ್ನು ಕೇಳಿದ್ದು ಒಂದೇ: ಇದರಲ್ಲಿ ಯಾವುದಕ್ಕೆ ಎಷ್ಟು, ಬಿಡಿಸಿ ಬರೆದು ಕೊಡಿ. ಬೆಡ್ಡು ಮತ್ತು ಊಟ, ಆಯಾ, ನರ್ಸ್, ಫಿಸಿಯೋಥೆರಪಿ, ಮಾತ್ರೆ, ಡೈಪರ್. ಹಾಳೆ ಕೈಗೆ ಬಂದ ಮೇಲೆ ಲೆಕ್ಕ ಸಲೀಸಾಯಿತು. ಬಿಪಿ, ಶುಗರ್ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತವೆ, ಅವನ್ನು ಬಿಲ್ಲಿನಿಂದ ತೆಗೆಸಿದೆ. ಉಳಿದ ಮಾತ್ರೆ ಜನೌಷಧಿ ಅಂಗಡಿಯಲ್ಲಿ ನಾನೇ ತಂದು ಕೊಡುತ್ತೇನೆ. ಫಿಸಿಯೋಥೆರಪಿಗೆ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ವ್ಯಾಯಾಮ ಹೇಗೆ ಮಾಡಿಸಬೇಕು ಅಂತ ಆಯಾಗೂ ಅಲ್ಲೇ ಕಲಿಸಿದೆವು. ಕೊನೆಗೆ ₹14,500ಕ್ಕೆ ಬಂತು. ಡೈಪರ್ ಮಾತ್ರ ಯಾವ ಯೋಜನೆಯಲ್ಲೂ ನಮಗೆ ಸಿಗಲಿಲ್ಲ. ಮಲಗಿದಲ್ಲೇ ಇರುವವರಿಗೆ ಅದೇ ದೊಡ್ಡ ಖರ್ಚು. ಇದನ್ನು ಸರ್ಕಾರ ಕೊಡಲೇಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಡೈಪರ್ ಉಳಿಸಲು ಹೋದರೆ ಬೆನ್ನಿಗೆ ಹುಣ್ಣಾಗುತ್ತದೆ, ಆಮೇಲೆ ಅದೇ ಸರ್ಕಾರ ಆಸ್ಪತ್ರೆ ಬಿಲ್ಲು ಕಟ್ಟಬೇಕಾಗುತ್ತದೆ ಅಲ್ವಾ?

ಈ ₹14,500 ಬರುವುದು ಹೀಗೆ. ಅವ್ವನ ಸಂಧ್ಯಾ ಸುರಕ್ಷಾ ಪಿಂಚಣಿ ₹1,200. ಪಡಿತರ ಚೀಟಿಯಲ್ಲಿ ಅವಳೇ ಮನೆಯ ಯಜಮಾನಿ, ಹಾಗಾಗಿ ಗೃಹಲಕ್ಷ್ಮಿ ₹2,000. ಎರಡೂ ಒಟ್ಟಿಗೆ ಬರಬಹುದು, ಒಂದು ಬಂದರೆ ಇನ್ನೊಂದು ನಿಲ್ಲುತ್ತದೆ ಅನ್ನುವುದು ಸುಮ್ನೆ ಹಬ್ಬಿರುವ ಮಾತು. ಊರಿನ ಹೊಲದ ಗುತ್ತಿಗೆ ದುಡ್ಡು ಸ್ವಲ್ಪ. ಉಳಿದದ್ದನ್ನು ತಮ್ಮ, ನಾನು ಅರ್ಧ ಅರ್ಧ ಹಾಕುತ್ತೇವೆ. ಅವನು ಖುಷಿಯಿಂದ ಒಪ್ಪಿದ. ಮಕ್ಕಳು ಕೊಡದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು.

ನಾನು ಹಳೇ ಪದ್ಧತಿಯಲ್ಲೇ ಇನ್‌ಕಮ್ ಟ್ಯಾಕ್ಸ್ ಕಟ್ಟುತ್ತೇನೆ. ಅವ್ವನಿಗೆ ಅಂಗವಿಕಲತೆಯ ಯುಡಿಐಡಿ ಕಾರ್ಡ್ ಮಾಡಿಸಿದ ಮೇಲೆ 80ಡಿಡಿ ಕಲಂನಲ್ಲಿ ₹75,000 ಆದಾಯಕ್ಕೆ ವಿನಾಯಿತಿ ಸಿಕ್ಕಿತು. ಅಂಗವಿಕಲತೆ ಶೇ. 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ ₹1,25,000. ಹೊಸ ಪದ್ಧತಿಯವರಿಗೆ ಇದು ಇಲ್ಲ.

ಬ್ಯಾಂಕಿನ ವಿಷಯ ಒಂದು ಹೇಳಲೇಬೇಕು. ವಯಸ್ಸಾದವರ ಹೆಬ್ಬೆಟ್ಟಿನ ಗೆರೆ ಸವೆದಿರುತ್ತದೆ, ಮಷೀನು ಹಿಡಿಯುವುದಿಲ್ಲ. ಆಧಾರ್, ಪಡಿತರ ಚೀಟಿಯ ಇ-ಕೆವೈಸಿಯನ್ನು ಅವರು ಓಡಾಡುವಾಗಲೇ ಮುಗಿಸಿಕೊಳ್ಳಿ. ಹಾಸಿಗೆ ಹಿಡಿದಿದ್ದರೆ ಬ್ಯಾಂಕ್ ಮ್ಯಾನೇಜರಿಗೆ ಪತ್ರ ಕೊಡಿ. 70 ದಾಟಿದವರಿಗೆ ಮನೆ ಬಾಗಿಲಲ್ಲೇ ಸೇವೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ನಮ್ಮ ಬ್ಯಾಂಕಿನ ಹುಡುಗಿ ಆರೈಕೆ ಮನೆಗೇ ಬಂದು ಅವ್ವನ ಮಂಚದ ಪಕ್ಕ ಕೂತು ಕೆಲಸ ಮುಗಿಸಿಕೊಟ್ಟಳು.

ಆರೈಕೆ ಮನೆಯವರಿಗೆ ಬರೆದು ಕೊಟ್ಟಿರುವ ಮಾತು ಇನ್ನೊಂದಿದೆ. ರಾತ್ರಿ ಹೆಚ್ಚುಕಡಿಮೆ ಆದರೆ ಪಕ್ಕದ ನರ್ಸಿಂಗ್ ಹೋಮಿಗೆ ಓಡಬೇಡಿ, 108 ಕರೆಸಿ ಜಿಲ್ಲಾ ಆಸ್ಪತ್ರೆಗೆ ಹೋಗಿ. ಯೋಜನೆಗೆ ಸೇರದ ಕಡೆ ಒಂದು ರಾತ್ರಿ ಮಲಗಿಸಿದರೂ ಬಿಲ್ಲು ನಮ್ಮ ತಲೆಗೇ. ಅವ್ವನ ಕಾರ್ಡ್, ಆಧಾರ್, ಡಿಸ್ಚಾರ್ಜ್ ಹಾಳೆಗಳ ಜೆರಾಕ್ಸ್ ಅವರ ಹತ್ರವೇ ಇದೆ. ಮೂತ್ರದ ಸೋಂಕಾದಾಗ ಅವರು ಹಾಗೇ ಮಾಡಿದರು, ನಮಗೆ ಖರ್ಚು ಬೀಳಲಿಲ್ಲ. ಆಸ್ಪತ್ರೆಯಲ್ಲಿದ್ದ ದಿನಗಳಿಗೆ ಆರೈಕೆ ಮನೆಯವರು ಊಟದ ಹಣ ಬಿಲ್ಲಿಗೆ ಹಾಕಬಾರದು ಅಂತಲೂ ಸೇರುವಾಗಲೇ ಮಾತಾಡಿಕೊಳ್ಳಿ.

ಇಷ್ಟೂ ಹೊಂದಿಸಲು ಆಗದವರು, ಮಕ್ಕಳೇ ಇಲ್ಲದವರು ತುಂಬಾ ಜನ ಇದ್ದಾರೆ. ಅವರಿಗೆ ಸರ್ಕಾರದ ಅನುದಾನದಲ್ಲಿ ಸಂಸ್ಥೆಗಳು ನಡೆಸುವ ವೃದ್ಧಾಶ್ರಮಗಳಿವೆ. ಕೇಂದ್ರದ ಅಟಲ್ ವಯೋ ಅಭ್ಯುದಯ ಯೋಜನೆಯಲ್ಲಿ ಹಾಸಿಗೆ ಹಿಡಿದವರಿಗೆ, ಮರೆವಿನ ಕಾಯಿಲೆಯವರಿಗೆ ನಡೆಸುವ ಮನೆಗಳಿಗೂ ಹಣ ಇದೆ. ಆ ಹಣ ಸಂಸ್ಥೆಗೆ ಹೋಗುತ್ತದೆ, ಮನೆಯವರ ಕೈಗೆ ಬರುವುದಿಲ್ಲ. ಹಾಗಾಗಿ ಜಾಗ ಇದೆಯಾ, ನಡೆಯಲು ಆಗದವರನ್ನು ತೆಗೆದುಕೊಳ್ಳುತ್ತಾರಾ ಅಂತ ಮೊದಲೇ ಕೇಳಿ. ವಿಚಾರಿಸಲು ಹಿರಿಯರ ಸಹಾಯವಾಣಿ 14567 ಇದೆ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಅಲ್ಲಿ ಆಗದಿದ್ದರೆ ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಗೆ ನೇರವಾಗಿ ಹೋಗಿ, ಅರ್ಜಿಯನ್ನು ಬರಹದಲ್ಲೇ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.